ಮೂರು ಡ್ರಿಲ್ಲುಗಳ ಮರಣಪತ್ರ

ನಮ್ಮ ಮಂಚದ ಕೆಳಗೆ ಮೂರು ಡ್ರಿಲ್ಲಿಂಗ್ ಮಷೀನುಗಳು ಚಿರನಿದ್ರೆಯಲ್ಲಿದ್ದವು. ಒಂಬತ್ತು ವರ್ಷಗಳಲ್ಲಿ ಒಂದರ ಹಿಂದೆ ಒಂದು ನನ್ನ ಕೈಯಲ್ಲೇ ಪ್ರಾಣ ಬಿಟ್ಟಿದ್ದವು. ಮೂರಕ್ಕೂ ನಾನು ವಹಿಸಿದ್ದ ಕೆಲಸ ಒಂದೇ: ಅಡುಗೆಮನೆಯ ಗೋಡೆಗೆ ನಾಲ್ಕು ತೂತು ಕೊರೆದು ಒಂದು ಹಲಗೆ ಕೂರಿಸುವುದು. ಹಲಗೆ ಫ್ರಿಜ್ಜಿನ ಹಿಂದೆಯೇ ನಿಂತಿತ್ತು. ನನ್ನವಳು ಡಬ್ಬಗಳನ್ನು ಒಂದರ ಮೇಲೊಂದು ಪೇರಿಸಿ, ತಳದ ಡಬ್ಬ ಬೇಕಾದಾಗಲೆಲ್ಲ ನನ್ನ ಕಡೆ ಒಂದು ನೋಟ ಬೀರುತ್ತಿದ್ದಳು. "ಈಗಿನ ಮಷೀನುಗಳೇ ಸರಿ ಇಲ್ಲ ಕಣೇ" ಎನ್ನುತ್ತಿದ್ದೆ. ಮನೆಯಲ್ಲಿ ನನ್ನ ಮಾನ ಮರ್ಯಾದೆ ಎಲ್ಲ ನಿಂತಿದ್ದದ್ದು ಈ ಒಂದು ವಾಕ್ಯದ ಮೇಲೆ.

ಹೋದ ಭಾನುವಾರ ಗುಡಿಸುತ್ತಿದ್ದವಳು ಮಂಚದ ಕೆಳಗಿಂದಲೇ ಕೂಗಿದಳು.

"ರೀ, ಈ ಡ್ರಿಲ್ಲಿನ ಬ್ಯಾಟರಿ ಯಾಕ್ರೀ ಹೀಗೆ ಉಬ್ಬಿಕೊಂಡಿದೆ?"

"ವಯಸ್ಸಾದ್ಮೇಲೆ ಎಲ್ಲರೂ ಉಬ್ತಾರೆ ಬಿಡೇ," ಎಂದೆ ಹೊಟ್ಟೆ ಸವರಿಕೊಳ್ಳುತ್ತ.

"ನಿಮ್ಮನ್ನಂತೂ ಆಚೆ ಹಾಕೋಕಾಗಲ್ಲ. ಇದನ್ನಾದ್ರೂ ಹಾಕಿ. ಇವತ್ತೇ."

ಒಳಗೊಳಗೇ ಖುಷಿಯಾಯಿತು. ಮಷೀನುಗಳು ತೊಲಗಿದರೆ ಹಲಗೆಯ ವಿಚಾರವೂ ತೊಲಗಿದ ಹಾಗೆ. ಎಲ್ಲವನ್ನೂ ಚೀಲಕ್ಕೆ ತುಂಬಿ ಕಸದ ಗಾಡಿಯ ಬಳಿಗೆ ಓಡಿದೆ. ಗಾಡಿ ಓಡಿಸುವ ಹೆಂಗಸು ಚೀಲದೊಳಗೆ ಇಣುಕಿ ನೋಡಿ ಕೈ ಅಡ್ಡ ಹಿಡಿದಳು.

"ಬ್ಯಾಟರಿ ನಾವು ತಗೊಳ್ಳಲ್ಲ ಸಾರ್. ಹೋದ ತಿಂಗಳು ಯಾರೋ ಪುಣ್ಯಾತ್ಮರು ಕಸದೊಳಗೆ ಬಚ್ಚಿಟ್ಟು ಕೊಟ್ಟಿದ್ರು. ಜಜ್ಜಿ ಹೋಗಿ ಬೆಂಕಿ ಹತ್ಕೊಂಡ್ತು, ನನ್ನ ಸೀಟಿನ ಹಿಂದೇನೇ. ಹಳೇ ಮಷೀನು ತಗೊಳ್ಳೋ ಕೇಂದ್ರ ಇದೆಯಲ್ಲ, ಅಲ್ಲಿಗೆ ಒಯ್ಯಿರಿ. ಬ್ಯಾಟರಿ ಬಿಚ್ಚಿ, ತುದಿಗಳಿಗೆ ಟೇಪು ಸುತ್ತಿ. ಉಬ್ಬಿರೋದನ್ನ ಒತ್ತೋದು ಚುಚ್ಚೋದು ಮಾಡ್ಬೇಡಿ, ಬಿಸಿಲಿಗೂ ಇಡ್ಬೇಡಿ. ಪ್ಲಾಸ್ಟಿಕ್ ಬಕೆಟ್ಟಲ್ಲಿ ಮರಳು ಹಾಕಿ, ಅದ್ರೊಳಗೆ ಬೇರೆಯಾಗಿ ಇಡಿ."

ಬಾಗಿಲಲ್ಲಿ ನಿಂತಿದ್ದ ನನ್ನವಳು ಇಷ್ಟನ್ನೂ ಕೇಳಿಸಿಕೊಂಡು, "ಬಕೆಟ್ ತರ್ತೀನಿ," ಎಂದು ಒಳಗೆ ಹೋದಳು.

ನಾನು ಇಪ್ಪತ್ತು ವರ್ಷದಿಂದ ಗ್ರಂಥಾಲಯದಲ್ಲಿ ಕೆಲಸ ಮಾಡುವವನು. ಚೀಟಿ ಅಂಟಿಸದೆ ಒಂದು ವಸ್ತುವನ್ನೂ ಕೈಯಿಂದ ಬಿಟ್ಟವನಲ್ಲ. (ಮದುವೆಯಾದ ಹೊಸತರಲ್ಲಿ ಉಪ್ಪಿನ ಡಬ್ಬಕ್ಕೆ ಚೀಟಿ ಅಂಟಿಸಿ ಬೈಸಿಕೊಂಡಿದ್ದೆ.) ಟೇಪು ಸುತ್ತಿ, ಉಬ್ಬಿದ ಬ್ಯಾಟರಿಯನ್ನು ಮಗುವಿನಂತೆ ಮರಳಲ್ಲಿ ಮಲಗಿಸಿ, ಒಂದೊಂದು ಡ್ರಿಲ್ಲಿಗೂ ಮುದ್ದಾದ ಅಕ್ಷರದಲ್ಲಿ ಮರಣಪತ್ರ ಬರೆದು ಅಂಟಿಸಿದೆ: ಕ್ರಮಸಂಖ್ಯೆ, ಕೊಂಡ ವರ್ಷ, ತೀರಿಕೊಂಡ ವರ್ಷ, ಕಾಯಿಲೆ.

ನನ್ನವಳೂ ಜೊತೆಗೆ ಹೊರಟಳು. ಕೇಂದ್ರದಲ್ಲಿ ಉದ್ದನೆಯ ಮೇಜಿನ ಹಿಂದೆ ಒಬ್ಬ ಮೆಕ್ಯಾನಿಕ್ ಹುಡುಗಿ ನಿಂತಿದ್ದಳು. ಉಬ್ಬಿದ ಬ್ಯಾಟರಿಯನ್ನು ಬಕೆಟ್ ಸಮೇತ ಪಕ್ಕಕ್ಕಿಟ್ಟು, "ಎಷ್ಟು ಚೆನ್ನಾಗಿ ತಂದಿದ್ದೀರಿ ಸರ್," ಎಂದಳು. ನಾನು ಎದೆಯುಬ್ಬಿಸಿ ಹೆಂಡತಿಯ ಕಡೆ ನೋಡಿದೆ. ಆಮೇಲೆ ಹುಡುಗಿ ಚೀಟಿಗಳನ್ನು ಜೋರಾಗಿ ಓದತೊಡಗಿದಳು.

"ಒಂದನೇದು. ಕಾಯಿಲೆ: ತಿರುಗುತ್ತದೆ, ಕೊರೆಯುವುದಿಲ್ಲ. ಎರಡನೇದು. ತಿರುಗುತ್ತದೆ, ಕೊರೆಯುವುದಿಲ್ಲ. ಮೂರನೇದು..." ಓದುವುದು ನಿಲ್ಲಿಸಿದಳು. "ಮೂರಕ್ಕೂ ಒಂದೇ ಕಾಯಿಲೆನಾ ಸರ್?"

"ಈಗಿನ ಮಷೀನುಗಳೇ ಸರಿ ಇಲ್ಲಮ್ಮ," ಎಂದೆ.

"ಯಾವ ಮಷೀನನ್ನೂ ಒಡೆದು ಗುಜರಿಗೆ ಹಾಕೋ ಮುಂಚೆ ಪರೀಕ್ಷೆ ಮಾಡ್ತೀವಿ. ಸರಿಹೋಗೋದನ್ನ ಯಾಕೆ ಒಡೀಬೇಕು?" ಎಂದು ಮೂರನೆಯದಕ್ಕೆ ಅದರದೇ ಬ್ಯಾಟರಿಯನ್ನು ಟೇಪು ಬಿಚ್ಚಿ ಹಾಕಿದಳು. ಅದರಲ್ಲಿ ಇನ್ನೂ ಜೀವವಿತ್ತು. ಮಷೀನಿನ ಪಕ್ಕದ ಗುಂಡಿಯನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿ, ಗುಂಡಿಯನ್ನು ಆ ಕಡೆಯಿಂದ ಈ ಕಡೆಗೆ ಒತ್ತಿದಳು. ದಪ್ಪ ಮರದ ತುಂಡಿನೊಳಗೆ ಡ್ರಿಲ್ಲು ಬೆಣ್ಣೆಯೊಳಗೆ ಬೆರಳಿಟ್ಟ ಹಾಗೆ ಇಳಿಯಿತು. ಉಳಿದೆರಡಕ್ಕೂ ಕೇಂದ್ರದಲ್ಲಿದ್ದ ಬೇರೆ ಬ್ಯಾಟರಿ ಹಾಕಿ ಹಾಗೇ ಮಾಡಿದಳು. ಅವೂ ಇಳಿದವು.

"ಇದು ಉಲ್ಟಾ ತಿರುಗಿಸೋ ಗುಂಡಿ ಸರ್, ಸ್ಕ್ರೂ ಬಿಚ್ಚೋಕೆ. ಮೂರೂ ಉಲ್ಟಾನೇ ಇದ್ವು."

ನನ್ನವಳು ನಿಧಾನವಾಗಿ ನನ್ನ ಕಡೆ ತಿರುಗಿದಳು. "ಅದನ್ನ ಒತ್ತಿದ್ದು ಯಾರು?"

"ಹಿಂದಕ್ಕೆ ತೋರಿಸೋ ಬಾಣದ ಗುರುತಿತ್ತು ಕಣೇ. ಮೆಲ್ಲಗೆ ಹೋಗೋಕೆ ಅಂದ್ಕೊಂಡೆ. ಮುಂದಕ್ಕೆ ಒತ್ತಿದ್ರೆ ಗೋಡೆ ದಾಟಿ ಪಕ್ಕದ ಮನೆಗೆ ಹೋಗ್ಬಿಟ್ರೆ ಅಂತ..."

ಹುಡುಗಿ ಮುಖ ಆ ಕಡೆ ತಿರುಗಿಸಿಕೊಂಡಳು. ಅವಳ ಭುಜ ಕುಲುಕುತ್ತಿತ್ತು. ನನಗೆ ಬಕೆಟ್ಟಿನ ಮರಳಲ್ಲಿ ಬ್ಯಾಟರಿಯ ಪಕ್ಕ ಮಲಗಿಬಿಡೋಣ ಎನ್ನುವಷ್ಟು ನಾಚಿಕೆಯಾಯಿತು.

ಎರಡು ಡ್ರಿಲ್ಲುಗಳನ್ನು ಬೇಕಾದವರಿಗೆ ಕೊಡಲು ಅವರೇ ಇಟ್ಟುಕೊಂಡರು. ಮೂರನೆಯದನ್ನು ನನ್ನವಳು ಹೇಗೆ ಹಿಡಿಯಬೇಕು, ಎಷ್ಟು ಒತ್ತಬೇಕು ಎಂದೆಲ್ಲ ಹುಡುಗಿಯಿಂದ ಹೇಳಿಸಿಕೊಂಡು ತನ್ನ ಕೈಯಲ್ಲೇ ಮನೆಗೆ ತಂದಳು. ಸಂಜೆಯೊಳಗೆ ಹಲಗೆ ಗೋಡೆಗೆ ಏರಿತು. ಮರುದಿನ ಕನ್ನಡಿ, ಅದರ ಮರುದಿನ ಎದುರುಮನೆಯವರ ಬಟ್ಟೆ ನೇತುಹಾಕುವ ಕೊಕ್ಕೆ.

ನಿನ್ನೆ ಕರೆಗಂಟೆ ಸದ್ದಾಯಿತು. ಮೇಲಿನ ಮನೆಯ ಯಜಮಾನರು ಪರದೆಯ ಸರಳು ಹಿಡಿದು ನಿಂತಿದ್ದರು.

"ಮೇಡಂ ಇದ್ದಾರಾ?"

"ನಾನಿದ್ದೀನಲ್ಲ, ಹೇಳಿ," ಎಂದೆ ಗಂಟಲು ಸರಿಮಾಡಿಕೊಂಡು.

"ನೀವೂ ಬನ್ನಿ, ಬೇಡ ಅಂದೋರ್ಯಾರು? ತೂತು ಹಾಕುವಾಗ ದೂಳು ಬೀಳದ ಹಾಗೆ ಕೆಳಗೆ ಪೇಪರ್ ಹಿಡಿಯೋದ್ರಲ್ಲಿ ನಿಮ್ಮನ್ನ ಮೀರಿಸೋರಿಲ್ಲ ಅಂತ ಮೇಡಮ್ಮೇ ಹೇಳ್ತಿದ್ರು."

ಪೇಪರ್ ಎತ್ತಿಕೊಂಡು, ಡ್ರಿಲ್ಲು ಹಿಡಿದು ಹೊರಟ ನನ್ನವಳ ಹಿಂದೆ ಮೆಟ್ಟಿಲು ಹತ್ತಿದೆ.