ಆನೆ ಬಿಡಿಸಬೇಕಾಗಿದ್ದ ಮೊಸರಿನ ಡಬ್ಬ

ಮಾಡುತ್ತಿರುವ ಕೆಲಸ ಮುಗಿಯುವವರೆಗೆ ಅದರ ಬಗ್ಗೆ ಯಾರಿಗೂ ಹೇಳದಿರುವುದು ನನ್ನ ಸ್ವಭಾವ. ಇದರ ಹಿಂದೆ ದೊಡ್ಡ ತತ್ವವೇನೂ ಇಲ್ಲ. ಹೇಳಿದರೆ, ಕೇಳಿಸಿಕೊಂಡವರು ಮತ್ತೆ ಸಿಕ್ಕಾಗ ‘ಎಲ್ಲಿಗೆ ಬಂತು?’ ಎಂದು ವಿಚಾರಿಸುತ್ತಾರೆ. ಸಾಮಾನ್ಯವಾಗಿ ಅದು ಎಲ್ಲಿಗೂ ಬಂದಿರುವುದಿಲ್ಲ. ಎಂ.ಎಸ್ಸಿ. ಫಲಿತಾಂಶ ಬಂದ ದಿನ ಕೂಡ ನಾನು ಎಲ್ಲರ ಊಟ ಮುಗಿದ ಮೇಲೆಯೇ ವಿಷಯ ಹೇಳಿದ್ದು. ಪಾಸಾದ ಸುದ್ದಿಗಿಂತ ಪಾಯಸ ಮಾಡಲು ಹೊತ್ತು ಸಿಗಲಿಲ್ಲ ಎನ್ನುವುದೇ ಅಮ್ಮನಿಗೆ ಇಂದಿಗೂ ನೆನಪಿದೆ. ಇಂಥ ಸ್ವಭಾವ ಇಟ್ಟುಕೊಂಡು ಕೊಪ್ಪದಲ್ಲಿ ಬದುಕುವುದು ಸ್ವಲ್ಪ ಕಷ್ಟ. ಇಲ್ಲಿ ಅಂಗಡಿಗೆ ಹೋಗಿ ಒಂದು ವಸ್ತು ಕೇಳಿದರೆ ಅದು ಎಂತಕ್ಕೆ ಎಂದು ಹೇಳದೆ ಹೊರಗೆ ಬರಲಾಗುವುದಿಲ್ಲ. ಹಗ್ಗ ಕೇಳಿದರೆ ದನ ಕಟ್ಟಲಿಕ್ಕೋ ಬಟ್ಟೆ ಒಣಗಿಸಲಿಕ್ಕೋ ಎಂದು ಕೇಳುತ್ತಾರೆ. ಅದು ಕುತೂಹಲ ಎಂದುಕೊಳ್ಳಬಾರದು, ವ್ಯಾಪಾರದ ಒಂದು ಭಾಗ ಅಷ್ಟೇ. ನಾನು ಸಾಮಾನ್ಯವಾಗಿ ಕೈಗೆ ಸಿಗುವ ಜಾಗದಲ್ಲಿ ಸಾಮಾನು ಇಟ್ಟಿರುವ ಅಂಗಡಿಗಳಿಗೇ ಹೋಗುತ್ತೇನೆ.

ಆದರೆ ಪುಟ್ಟ ಮೋಟರು ಅಂಥ ಅಂಗಡಿಗಳಲ್ಲಿ ಸಿಗುವುದಿಲ್ಲ. ನನಗೆ ಅದು ಬೇಕಾಗಿದ್ದು ಆದ್ಯಾಳಿಂದಾಗಿ. ಆದ್ಯಾ ನನ್ನ ಅಕ್ಕನ ಮಗಳು, ಎರಡನೇ ತರಗತಿ. ಅಕ್ಕನ ಮನೆ ನಮ್ಮ ಹಿಂದಿನ ಬೀದಿಯಲ್ಲೇ ಇರುವುದರಿಂದ ಶಾಲೆ ಬಿಟ್ಟ ಮೇಲೆ ಅವಳು ನಮ್ಮ ಮನೆಗೆ ಬರುತ್ತಾಳೆ. ಅವಳ ಶಾಲೆಯಲ್ಲಿ ಒಂದೊಂದು ಶನಿವಾರ ಬ್ಯಾಗು ಇಲ್ಲ. ಬದಲಿಗೆ ಮನೆಯಲ್ಲಿ ಮಾಡಿದ್ದೇನನ್ನಾದರೂ ತಂದು ತೋರಿಸಬೇಕು. ಉಳಿದ ಮಕ್ಕಳು ಕಾಗದದ ಹೂವು, ಮಣ್ಣಿನ ಗಣಪತಿ ಎಂದು ಒಪ್ಪಿಕೊಂಡು ಬಂದಿದ್ದರಂತೆ. ನಮ್ಮವಳು ಎದ್ದು ನಿಂತು, “ನಮ್ಮ ಚಿಕ್ಕಿ ಚಿತ್ರ ಬಿಡಿಸೋ ಮಿಷಿನ್ ಮಾಡ್ತಾಳೆ. ಅದು ಆನೆ ಬಿಡಿಸ್ತದೆ” ಎಂದು ಘೋಷಿಸಿ ಕುಳಿತಿದ್ದಳು. ಚಿತ್ರ ಬಿಡಿಸುವ ಆಟಿಕೆಯೊಂದನ್ನು ಮಾಡಿಕೊಡುತ್ತೇನೆ ಎಂದು ನಾನು ಹೇಳಿದ್ದು ನಿಜ. ಆನೆಯನ್ನು ಸೇರಿಸಿದ್ದು ಅವಳು. ಆ ವಾರ ಎನ್.ಆರ್.ಪುರದ ಕಡೆ ಗದ್ದೆಗೆ ಆನೆ ಇಳಿದು, ಊರಿನಲ್ಲಿ ಬೇರೆ ಮಾತೇ ಇರಲಿಲ್ಲ.

“ಆನೆ ಬಿಡಿಸ್ಲಿಕ್ಕೆ ಅದಕ್ಕೆ ಬರೋದಿಲ್ಲ ಆದ್ಯಾ” ಎಂದೆ.

“ನೀನು ಕಲಿಸು” ಎಂದಳು. “ಶ್ರೇಯಾ ನಂಗೆ ಸುಳ್ಳಿ ಅಂತಿದಾಳೆ. ಶನಿವಾರ ಆನೆ ಬರ್ದೇ ಇದ್ರೆ ಎಲ್ರೂ ಹಂಗೇ ಕರೀತಾರೆ.”

ಹೀಗಾಗಿ ನಾನು ಬಸ್‌ಸ್ಟ್ಯಾಂಡಿನ ಹತ್ತಿರದ ರಫೀಕಣ್ಣನ ರಿಪೇರಿ ಅಂಗಡಿಗೆ ಹೋದೆ.

“ಮೋಟರಾ? ಎಂತಕ್ಕೆ ಮೇಡಂ, ಮಿಕ್ಸಿದಾ?”

“ಅಲ್ಲ, ಚಿಕ್ಕದು. ಪೆನ್ಸಿಲ್ ಸೆಲ್ಲಿಗೆ ತಿರುಗುವಂಥದ್ದು.”

“ಅದೇ, ಎಂತಕ್ಕೆ?”

“ಸುಮ್ನೆ.”

“ಸುಮ್ನೆ ಮೋಟರು ಯಾರು ತಗೊಳ್ತಾರೆ ಮಾರಾಯ್ರೆ!” ಎಂದು ಅವರು ಬೆಂಚಿನ ಮೇಲೆ ಕುಳಿತಿದ್ದವರನ್ನು ನೋಡಿದರು. ಬೆಂಚಿನವರು ನನ್ನನ್ನು ನೋಡಿದರು. ಮಗುವಿಗೆ ಆಟಿಕೆ ಎಂದು ಚುಟುಕಾಗಿ ಹೇಳಿ ಮೋಟರು ತೆಗೆದುಕೊಂಡು ಬಂದೆ. ನಾನು ಶೃಂಗೇರಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಮರುದಿನ ಹರಿಹರಪುರದಲ್ಲಿ ಹತ್ತಿ ಪಕ್ಕದಲ್ಲಿ ಕುಳಿತ ಹೆಂಗಸು, ನನಗೆ ಮುಖಪರಿಚಯ ಮಾತ್ರ ಇರುವವರು, “ರೋಬೋಟ್ ಮಾಡ್ತಿದೀರಂತೆ. ಅದು ಪಾತ್ರೆ ತೊಳೀತದಾ ಕೇಳ್ಬೇಕಿತ್ತು” ಎಂದರು. ಸುದ್ದಿ ನನಗಿಂತ ಮೊದಲಿನ ಬಸ್ಸಿನಲ್ಲೇ ಹೋಗಿತ್ತು.

ಆಟಿಕೆ ನಿಜಕ್ಕೂ ಸರಳ. ಖಾಲಿ ಮೊಸರಿನ ಡಬ್ಬವನ್ನು ಬೋರಲು ಹಾಕಿ, ಸುತ್ತ ನಾಲ್ಕು ಸ್ಕೆಚ್ ಪೆನ್ನುಗಳನ್ನು ಕಾಲುಗಳಂತೆ ಟೇಪಿನಿಂದ ಅಂಟಿಸಬೇಕು, ಮೊನೆ ಕೆಳಗೆ. ಡಬ್ಬದ ನೆತ್ತಿಯ ಮೇಲೆ ಮೋಟರು, ಸೆಲ್ಲು. ಮೋಟರಿನ ತಿರುಗುವ ಕಡ್ಡಿಗೆ ಒಂದು ತುಂಡು ರಬ್ಬರ್ ಚುಚ್ಚಬೇಕು. ಸ್ವಿಚ್ಚು ಹಾಕಿದರೆ ರಬ್ಬರ್ ತಿರುಗಿ, ಡಬ್ಬ ನಡುಗಿ, ಪೆನ್ನುಗಳು ಕಾಗದದ ಮೇಲೆ ಗೀಚುತ್ತಾ ಓಡಾಡುತ್ತವೆ. ನಾನು ಸ್ಕೇಲು ಹಿಡಿದು ಅಳೆದು, ನಾಲ್ಕೂ ಪೆನ್ನುಗಳನ್ನು ಒಂದೇ ಎತ್ತರಕ್ಕೆ, ಒಂದೇ ಅಂತರಕ್ಕೆ ಅಂಟಿಸಿದೆ. ರಬ್ಬರನ್ನು ಚೌಕವಾಗಿ ಕತ್ತರಿಸಿ, ಕರ್ಣರೇಖೆ ಎಳೆದು, ಸರಿಯಾಗಿ ನಡುಮಧ್ಯಕ್ಕೆ ಕಡ್ಡಿ ಚುಚ್ಚಿದೆ. ಸ್ವಿಚ್ಚು ಹಾಕಿದೆ. ಗುಂಯ್ ಎಂಬ ಸದ್ದು ಬಂತು. ಡಬ್ಬ ಅಲುಗಲಿಲ್ಲ.

ಅಪ್ಪ ಪೇಪರು ಕೆಳಗಿಳಿಸಿ ನೋಡಿದರು. “ತಪಸ್ಸಿಗೆ ಕೂತಿದೆ ಕಣೇ. ಎಬ್ಬಿಸ್ಬೇಡ.”

ಕಾರಣ ಹೊಳೆದಾಗ ನನಗೇ ನನ್ನ ಡಿಗ್ರಿಯ ಬಗ್ಗೆ ಸಂಶಯ ಬಂತು. ಆಟಿಕೆ ನಡುಗಬೇಕಾದರೆ ರಬ್ಬರಿನ ಭಾರ ಒಂದು ಪಕ್ಕಕ್ಕೆ ಇರಬೇಕು. ಓರೆಯಾಗಿರುವುದೇ ಅದರ ಜೀವ. ಇದನ್ನೇ ನಾನು ತರಗತಿಯಲ್ಲಿ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸುತ್ತೇನೆ. ತಲೆಗೆ ಗೊತ್ತಿದ್ದದ್ದು ಕೈಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಗೋಡೆಯ ಕ್ಯಾಲೆಂಡರ್ ವಾಲಿದರೆ ಎದ್ದು ನೆಟ್ಟಗೆ ಮಾಡುವವಳು ನಾನು. ಊಟದೆಲೆ ಸೊಟ್ಟಗಿದ್ದರೆ ಬಡಿಸುವವರು ಬರುವ ಮೊದಲೇ ತಿರುಗಿಸಿ ಇಡುತ್ತೇನೆ, ಪಕ್ಕದವರದ್ದನ್ನೂ. ಈಗ ಕಣ್ಣಾರೆ ನೋಡುತ್ತಾ ಒಂದು ವಸ್ತುವನ್ನು ಸೊಟ್ಟ ಮಾಡಬೇಕಾಗಿತ್ತು.

ರಬ್ಬರನ್ನು ಕಿತ್ತು ಪಕ್ಕಕ್ಕೆ ಚುಚ್ಚಿದೆ. ಡಬ್ಬ ನಡುಗಿ, ಇದ್ದ ಜಾಗದಲ್ಲೇ ಒಂದು ಅಚ್ಚುಕಟ್ಟಾದ ಸೊನ್ನೆ ಬರೆಯಿತು. ಮತ್ತೆ ಅದೇ ಸೊನ್ನೆಯ ಮೇಲೆ ಸೊನ್ನೆ ಬರೆಯತೊಡಗಿತು. ನನಗೆ ಅದು ಬಹಳ ಹಿಡಿಸಿತು.

“ಇದು ಆನೇದು ಎಂತ?” ಎಂದಳು ಆದ್ಯಾ.

“ಕಣ್ಣು ಅಂದ್ಕೋ.”

“ಬರೀ ಕಣ್ಣಾ!”

ಒಂದು ಪೆನ್ನನ್ನು ಮೇಲಕ್ಕೆ ಸರಿಸಿದೆ, ಇನ್ನೊಂದನ್ನು ವಾಲಿಸಿದೆ. ಪ್ರತಿಯೊಂದನ್ನು ಕೆಡಿಸಿದಾಗಲೂ ಆಟಿಕೆ ಇನ್ನಷ್ಟು ಉತ್ಸಾಹದಿಂದ ಓಡಿತು. ಕೊನೆಗೆ ಅದು ನೋಡಲಾಗದಷ್ಟು ವಿಕಾರವಾಗಿ, ಚಾರ್ಟಿನ ತುಂಬ ಗೀಚಿ, ಅಂಚು ದಾಟಿ ಅಮ್ಮ ಒರೆಸಿಟ್ಟಿದ್ದ ನೆಲದ ಮೇಲೂ ಹಸಿರು ಗೆರೆ ಎಳೆಯಿತು. ಅಮ್ಮ, “ಆನೆ ಒಂದು ಬಿಟ್ಟು ಎಲ್ಲಾ ಬಿಡಿಸ್ತು ನೋಡು” ಎಂದು ಒದ್ದೆ ಬಟ್ಟೆ ತಂದರು.

ಶನಿವಾರ ಶಾಲೆಗೆ ನಾನೂ ಹೋಗಬೇಕಾಯಿತು. ಹಿಂದಿನ ಗೋಡೆಗೆ ಒರಗಿ ನಿಂತೆ. ಮಕ್ಕಳು ಚಾರ್ಟಿನ ಸುತ್ತ ಮಂಡಿಯೂರಿದರು. ಆದ್ಯಾ ಸ್ವಿಚ್ಚು ಹಾಕಿದಳು. ಡಬ್ಬ ಗಡಗಡ ನಡುಗಿ, ಅತ್ತ ನುಗ್ಗಿ, ಇತ್ತ ತಿರುಗಿ, ತನಗೆ ತೋಚಿದಂತೆಲ್ಲ ಗೀಚಿ, ಚಾರ್ಟಿನ ಅಂಚಿಗೆ ಹೋಗಿ ಮಗುಚಿತು. ಶ್ರೇಯಾ, ಎರಡು ಜಡೆಯ ಚುರುಕು ಹುಡುಗಿ, ಚಾರ್ಟಿನ ಮೇಲೆ ಬಗ್ಗಿ ನೋಡಿ ಸಾವಕಾಶವಾಗಿ ಹೇಳಿದಳು: “ಇದು ಆನೆ ಅಲ್ಲ. ಇದು ಶ್ಯಾವಿಗೆ.”

ಎಲ್ಲರೂ ನಕ್ಕರು. ಆದ್ಯಾಳ ಕಿವಿ ಕೆಂಪಾಯಿತು. ನಾನು ಮುಂದೆ ಹೋಗಿ ಭಾರ, ಸಮತೋಲನ ಎಂದು ಏನೋ ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅವಳೇ ಎದ್ದು ನಿಂತಳು.

“ಆನೆ ಅಲ್ಲ ಅಂತ ನಂಗೂ ಗೊತ್ತು. ಆನೆ ಹೋಯ್ತು. ಇದು ಆನೆ ಬಂದು ಹೋದ ಗದ್ದೆ.”

ನಗು ನಿಂತಿತು. ಮಕ್ಕಳು ಮತ್ತೆ ಬಗ್ಗಿ ನೋಡಿದರು. ಮುಂದಿನ ಸಾಲಿನ ನಾಜಿಯಾ ಎಂಬ ಹುಡುಗಿ ಬೆರಳಿಟ್ಟು ತೋರಿಸಿದಳು: “ಹೌದು ಮಿಸ್! ಎನ್.ಆರ್.ಪುರದಲ್ಲಿ ನಮ್ಮ ನಾನಿ ಮನೆ ಪಕ್ಕದ ಗದ್ದೆ ಹಿಂಗೇ ಆಗಿತ್ತು. ಇಲ್ಲಿ ಹೊರಳಿದೆ. ಇಲ್ಲಿ ಬಾಳೆ ತಿಂದಿದೆ.” ಮಿಸ್ಸು ಕೂಡ ಬಗ್ಗಿ ನೋಡಿ, “ಬೇಲಿ ಮುರಿದದ್ದು ಎಲ್ಲಿ?” ಎಂದು ಕೇಳಿದರು. ಬೇಲಿಯೂ ಸಿಕ್ಕಿತು. “ಇನ್ನೊಂದ್ಸಲ ಬರ್ಲಿ ಇದು” ಎಂದು ಡಬ್ಬವನ್ನು ಎತ್ತಿ ನಡುವೆ ಇಟ್ಟವಳು ಶ್ರೇಯಾ. ನನ್ನ ಸಮತೋಲನವನ್ನು ಯಾರೂ ಕೇಳಲಿಲ್ಲ.

ಮರುದಿನ ಭಾನುವಾರ. ಆದ್ಯಾ ಶ್ರೇಯಾಳನ್ನೇ ಮನೆಗೆ ಕರೆತಂದಳು. ಇಬ್ಬರೂ ಜಗಲಿಯಲ್ಲಿ ಹಳೆಯ ಪೇಪರು ಹಾಸಿ, ಕಪಾಟಿನಿಂದ ಆಟಿಕೆ ತೆಗೆದು ಸ್ವಿಚ್ಚು ಹಾಕಿದರು. ಗುಂಯ್ ಎಂಬ ಸದ್ದು ಬಂತು. ಡಬ್ಬ ಅಲುಗಲಿಲ್ಲ.

ಆದ್ಯಾ ಅದನ್ನು ಎತ್ತಿ ಸುತ್ತಲೂ ತಿರುಗಿಸಿ ನೋಡಿದಳು. ಪೆನ್ನುಗಳು ಸಾಲಾಗಿ, ಸಮನಾಗಿ ನಿಂತಿದ್ದವು. ರಬ್ಬರ್ ನಡುಮಧ್ಯದಲ್ಲಿತ್ತು.

“ಚಿಕ್ಕೀ!” ಎಂದು ಕೂಗಿದಳು. “ಇದನ್ನ ಯಾರೋ ಸರಿ ಮಾಡಿ ಹಾಳು ಮಾಡಿದಾರೆ!”

ಅಪ್ಪ ಕನ್ನಡಕದ ಮೇಲಿನಿಂದ ನನ್ನ ಕಡೆ ನೋಡಿದರು. ಹಿಂದಿನ ದಿನ ಸಂಜೆ ಆಟಿಕೆಯನ್ನು ಒರೆಸಿ ಕಪಾಟಿನಲ್ಲಿಟ್ಟದ್ದು ನನಗೆ ನೆನಪಿತ್ತು. ನಡುವೆ ಕೈ ಏನೇನು ಮಾಡಿತೋ ಅದು ನೆನಪಿರಲಿಲ್ಲ. ಯಾರು ಎಂದು ನಾನು ಹೇಳಲಿಲ್ಲ. ಹೇಳಿಕೊಳ್ಳುವುದು ನನ್ನ ಸ್ವಭಾವವಲ್ಲ.