ಹಳೇ ಮನೆಗೆ ಏಳು ಎಲೆ

ನಮ್ಮ ಚಿಕ್ಕಪ್ಪನಿಗೆ ತಲೆ ಸರಿಯಿಲ್ಲ ಎನ್ನುವವರ ಪಟ್ಟಿ ಮಾಡಿದರೆ ಮೊದಲ ಹೆಸರು ನಮ್ಮ ಚಿಕ್ಕಮ್ಮನದು, ಎರಡನೆಯದು ನನ್ನದು. ಮೂರನೆಯದು ದೇವನಹಳ್ಳಿಯ ಒಬ್ಬ ವಕೀಲರದು. ಪಾಪ, ಅವರಿಗೆ ಚಿಕ್ಕಪ್ಪನ ಪರಿಚಯವಾಗಿದ್ದು ತೀರಾ ತಡವಾಗಿ. ಇಲ್ಲದಿದ್ದರೆ ಮೊದಲ ಸ್ಥಾನ ಅವರಿಗೇ ಸಿಗುತ್ತಿತ್ತು.

ದೇವನಹಳ್ಳಿಯಲ್ಲಿ ಈಗ ಮನೆಯ ಕಾಗದಪತ್ರ ಓದಲು ಬಾರದವರು ಯಾರಿದ್ದಾರೆ ಹೇಳಿ? ವಿಮಾನ ನಿಲ್ದಾಣ ಬಂದ ಮೇಲೆ ಟೀ ಅಂಗಡಿಯ ಬೆಂಚಿನ ಮೇಲೆ ಕೂತವರೂ ಮೂಲಪತ್ರ, ಖಾತೆ, ಪಹಣಿ ಎಂದೇ ಮಾತಾಡುತ್ತಾರೆ. ಆದರೆ ಐವತ್ತು ವರ್ಷದ ಹಿಂದಿನ ಕ್ರಯಪತ್ರವನ್ನು ಕೈಯಲ್ಲಿ ಹಿಡಿದು, "ಸ್ವಾಮಿ, ಈ ಮಾಲೀಕರಿಗೆ ಮುದ್ದೆ ಜೊತೆ ಯಾವ ಸಾರು ಇಷ್ಟ ಇತ್ತು?" ಎಂದು ವಿಚಾರಿಸಿದ ಮನುಷ್ಯ ಇಡೀ ಜಿಲ್ಲೆಗೆ ಒಬ್ಬರೇ. ಅವರು ನನ್ನ ಅಪ್ಪನ ತಮ್ಮ!

ಚಿಕ್ಕಪ್ಪ ಮೂವತ್ತೈದು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ನಿವೃತ್ತಿಯಾದ ಮೇಲೆ ಓರಗೆಯವರೆಲ್ಲ ಫ್ಲ್ಯಾಟು, ಸೈಟು ಎಂದು ಓಡಾಡುತ್ತಿದ್ದಾಗ ಇವರು ದೇವನಹಳ್ಳಿ ಕೋಟೆಯೊಳಗೆ ಒಂದು ಹೆಂಚಿನ ಮನೆ ಕೊಂಡರು. ಬಾಗಿಲಲ್ಲಿ ತಲೆ ಬಗ್ಗಿಸದೆ ಒಳಗೆ ಹೋದವರಿಗೆ ಹಣೆಯ ಮೇಲೆ ಅದರ ನೆನಪು ಎರಡು ವಾರ ಉಳಿಯುತ್ತದೆ. ಕೊಳ್ಳುವಾಗ ವಕೀಲರು ಹಳೆಯ ಪತ್ರಗಳನ್ನೆಲ್ಲ ತಿರುವಿ ಹಾಕಿ, ಹಿಂದೆ ಏಳು ಜನ ಮಾಲೀಕರಿದ್ದರೆಂದೂ, ಏಳು ಜನರೂ ತೀರಿಕೊಂಡಿದ್ದಾರೆಂದೂ, ಯಾರ ತಕರಾರೂ ಇಲ್ಲವೆಂದೂ ಹೇಳಿದರು. ಬೇರೆ ಯಾರಾಗಿದ್ದರೂ ಅಲ್ಲಿಗೆ ನೆಮ್ಮದಿಯಾಗಿ ಕೈ ಮುಗಿದು ಎದ್ದು ಬರುತ್ತಿದ್ದರು. ಚಿಕ್ಕಪ್ಪನ ಚಿಂತೆ ಶುರುವಾಗಿದ್ದೇ ಅಲ್ಲಿಂದ.

ನಮ್ಮ ಕಡೆ ಮಹಾಲಯ ಅಮಾವಾಸ್ಯೆಯ ದಿನ ತೀರಿಕೊಂಡ ಹಿರಿಯರಿಗೆ ಎಡೆ ಇಡುತ್ತೇವೆ. ಅವರಿಗೆ ಇಷ್ಟವಾಗಿದ್ದನ್ನೆಲ್ಲ ಮಾಡಿ, ಎಲೆಗೆ ಬಡಿಸಿ, ಧೂಪ ಹಾಕಿ, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಕಾಯಬೇಕು. ಒಳಗೆ ಹಿರಿಯರು ಬಂದು ಉಂಡು ಹೋಗುತ್ತಾರೆ ಎಂಬುದು ನಂಬಿಕೆ. ಆಮೇಲೆ ಒಮ್ಮೆ ಕೆಮ್ಮಿ ಬಾಗಿಲು ತೆಗೆಯುವುದು. ಇದರಲ್ಲಿ ವಿಶೇಷವೇನೂ ಇಲ್ಲ, ಎಲ್ಲರೂ ಅವರವರ ಹಿರಿಯರಿಗೆ ಇಡುತ್ತಾರೆ. ನಮ್ಮ ಚಿಕ್ಕಪ್ಪ ಮಾತ್ರ ಮನೆಯ ಹಳೇ ಮಾಲೀಕರಿಗೆ ಇಡಬೇಕೆಂದು ಹಟ ಹಿಡಿದರು.

"ಅವರವರ ಮಕ್ಕಳು ಅವರವರ ಮನೇಲಿ ಇಡ್ತಾರಲ್ಲ ಚಿಕ್ಕಪ್ಪ?" ಎಂದು ನಾನು ಕೇಳಿದೆ.

"ಬಸ್ ಸ್ಟಾಪ್ ಬದಲಾಗೈತೆ ಅಂತ ಪ್ಯಾಸೆಂಜರಿಗೆ ಹೇಳ್ದೇ ಇದ್ರೆ ಅವನು ಹಳೇ ಸ್ಟಾಪಿಗೇ ಬಂದು ನಿಂತ್ಕೊಳಲ್ವೇನೋ?" ಎಂದರು ಚಿಕ್ಕಪ್ಪ. "ಮಕ್ಕಳು ಮನೆ ಮಾರ್ಕೊಂಡು ಹೋದ್ರು. ಸತ್ತೋರಿಗೆ ಯಾರು ಹೇಳಿದ್ರು?"

ಇದಕ್ಕೆ ಉತ್ತರ ನಿಮ್ಮಲ್ಲಿದ್ದರೆ ದಯವಿಟ್ಟು ತಿಳಿಸಿ.

ಹೀಗೆ ಶುರುವಾಯಿತು ಸಂಶೋಧನೆ. ಒಂದು ಹಳೇ ನೋಟ್‌ಬುಕ್ಕಿನಲ್ಲಿ ಮಾಲೀಕರಿಗೆ ತಲಾ ಒಂದು ಪುಟ: ಹೆಸರು, ಯಾವಾಗ ಬಂದರು, ಯಾವಾಗ ಹೋದರು, ಏನು ತಿನ್ನುತ್ತಿದ್ದರು. ಮೊದಲ ಮೂರು ಸಂಗತಿಗಳು ಉಪನೋಂದಣಿ ಕಚೇರಿಯಲ್ಲಿ ಸಿಕ್ಕವು. ನಾಲ್ಕನೆಯದನ್ನೂ ಅಲ್ಲೇ ಕೇಳಿದಾಗ ಗುಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡು ಇವರನ್ನು ಇನ್ನೊಮ್ಮೆ ನೋಡಿದರಂತೆ. ಸರ್ಕಾರ ಇಷ್ಟೆಲ್ಲ ಬರೆದಿಟ್ಟು ಮುಖ್ಯವಾದ ವಿಷಯವನ್ನೇ ಬಿಟ್ಟಿದೆ ಎಂದು ಚಿಕ್ಕಪ್ಪ ಬೈದುಕೊಂಡೇ ಮನೆಗೆ ಬಂದರು.

ಉಳಿದದ್ದನ್ನು ಓಣಿ ಓಣಿ ಸುತ್ತಿ ಹುಡುಕಿದರು. ಏಳು ಜನರಲ್ಲಿ ಇಬ್ಬರು ದಾಯಾದಿಗಳು. ಇದೇ ಮನೆಗಾಗಿ ಕೋರ್ಟಿನಲ್ಲಿ ಬಡಿದಾಡಿ, ಸಾಯುವವರೆಗೂ ಮಾತು ಬಿಟ್ಟವರು. ಅವರಿಬ್ಬರ ಎಲೆಯನ್ನು ಚಿಕ್ಕಪ್ಪ ಹಜಾರದ ಎರಡು ಮೂಲೆಗಳಲ್ಲಿ, ಒಂದನ್ನೊಂದು ನೋಡದ ಹಾಗೆ ಗೋಡೆಗೆ ಮುಖ ಮಾಡಿ ಹಾಕುತ್ತಾರೆ. ಅಕ್ಕಪಕ್ಕ ಹಾಕಿದರೆ ಇಬ್ಬರೂ ಉಣ್ಣದೆ ಎದ್ದುಹೋಗುತ್ತಾರೆ ಎಂಬ ಭಯ. ಇನ್ನೊಬ್ಬರಿಗೆ ನಾಟಿಕೋಳಿ ಸಾರಿನ ಜೊತೆ ಕ್ವಾರ್ಟರ್ ಬೇಕಿತ್ತಂತೆ. ಮೊದಲ ವರ್ಷ ಬಾಗಿಲು ತೆಗೆದು ನೋಡಿದರೆ ಬಾಟಲಿ ಅರ್ಧ ಖಾಲಿ! ಚಿಕ್ಕಪ್ಪನ ಕಣ್ಣು ತುಂಬಿ ಬಂತು, "ಬಂದಿದ್ರು ಕಣೋ" ಎಂದರು. ಹಿತ್ತಲ ಬಾಗಿಲಿಗೆ ಚಿಲಕವಿಲ್ಲ ಎಂಬುದು ಗೊತ್ತಿದ್ದ ಚಿಕ್ಕಮ್ಮ ನನ್ನ ಅಪ್ಪನ ಮುಖ ನೋಡಿದರು. ಅಪ್ಪ ತೊಲೆಗಳನ್ನು ಎಣಿಸುತ್ತಿದ್ದರು.

ನಾಲ್ಕನೇ ಮಾಲೀಕರು ಖಾದರ್ ಸಾಬರು. ಅವರ ಮೊಮ್ಮಗ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ಚಿಕ್ಕಪ್ಪ ಅಲ್ಲಿಗೂ ಹೋಗಿ ನೋಟ್‌ಬುಕ್ ಬಿಚ್ಚಿದರು. ಅವನಿಗೆ ಮೊದಲು ಅರ್ಥವಾಗಲಿಲ್ಲ, ಅರ್ಥವಾದ ಮೇಲೆ ನಗು ತಡೆಯಲಾಗಲಿಲ್ಲ. ತಮ್ಮಲ್ಲಿ ಎಡೆ ಇಡುವ ಪದ್ಧತಿ ಇಲ್ಲವೆಂದು ಹೇಳಿದ. ಆದರೂ ದಾದಾನಿಗೆ ಬೇಳೆ, ಮಾಂಸ ಹಾಕಿ ಮಾಡುವ ದಾಲ್ಚಾ ಎಂದರೆ ಪ್ರಾಣ ಎಂಬುದನ್ನು ಹೇಳದೆ ಇರಲು ಅವನಿಂದ ಆಗಲಿಲ್ಲ. "ಇಡೋದೆಲ್ಲ ಬೇಡ ಚಾಚಾ. ನಾವು ಕಳಿಸ್ತೀವಿ, ದಾದಾ ಹೆಸರಲ್ಲಿ ಯಾರಾದ್ರೂ ಹೊಟ್ಟೆ ತುಂಬ ತಿನ್ನಿ, ಸಾಕು" ಎಂದ. ಅಂದಿನಿಂದ ಪ್ರತಿ ಮಹಾಲಯ ಅಮಾವಾಸ್ಯೆಗೂ ಆ ಮನೆಯಿಂದ ಖುಷ್ಕ, ದಾಲ್ಚಾ ಬರುತ್ತದೆ. ಖಾದರ್ ಸಾಬರ ಎಲೆಗೆ ಕೂರುವ ಜವಾಬ್ದಾರಿ ನನ್ನದು. ಚಿಕ್ಕಪ್ಪನ ಹುಚ್ಚಿನ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಮೆದುವಾಗಿದ್ದು ಆ ದಾಲ್ಚಾದಿಂದಲೇ ಎಂದು ಒಪ್ಪಿಕೊಳ್ಳುತ್ತೇನೆ.

ಇಷ್ಟನ್ನೆಲ್ಲ ಒಂದೇ ಬೆಳಿಗ್ಗೆ ಅಡುಗೆ ಮಾಡುವವರು ಯಾರು? ಚಿಕ್ಕಮ್ಮ. ಸಾಲದೆಂಬಂತೆ ಉಳಿದವರಲ್ಲಿ ಒಬ್ಬರಿಗೆ ಒಬ್ಬಟ್ಟು, ಇನ್ನೊಬ್ಬರಿಗೆ ತಲೆಮಾಂಸ. "ಬದುಕಿರೋರು ಇಬ್ಬರಿಗೆ ಒಂದು ಸಾರು, ಸತ್ತೋರು ಏಳು ಜನಕ್ಕೆ ಏಳು ಸಾರು" ಎಂದು ಗೊಣಗಿಕೊಂಡೇ ಅವರು ಬೆಳಗಿನ ಜಾವಕ್ಕೆ ಒಲೆ ಹಚ್ಚುತ್ತಿದ್ದರು.

ನಿಜಕ್ಕೂ ಅವರು ಮಾಡುತ್ತಿದ್ದದ್ದು ಐವರಿಗೇ; ದಾಲ್ಚಾ ಹೊರಗಿನಿಂದ ಬರುತ್ತಿತ್ತು. ಉಳಿದ ಇನ್ನೊಂದು ಪುಟದಲ್ಲಿ ತಾಯಮ್ಮ ಎಂಬ ಹೆಸರೊಂದೇ ಇತ್ತು. ಗಂಡ ಸತ್ತ ಮೇಲೆ ಮನೆ ಅವಳ ಹೆಸರಿಗೆ ಬಂದು, ಎರಡೇ ವರ್ಷಕ್ಕೆ ಮಾರಾಟವಾಗಿತ್ತು. ಮಕ್ಕಳಿಲ್ಲ. ಪತ್ರದ ಕೊನೆಯಲ್ಲಿ ಅವಳ ಹೆಬ್ಬೆಟ್ಟಿನ ಗುರುತು. ಮೂರು ವರ್ಷ ಅವಳ ಎಲೆಗೆ ಬರೀ ಅನ್ನ ಬಿತ್ತು. ಸುತ್ತ ಅಷ್ಟೆಲ್ಲ ಘಮಘಮಿಸುವಾಗ ಅವಳೊಬ್ಬಳು ಬಿಳಿ ಅನ್ನ ಉಣ್ಣಬೇಕಲ್ಲ ಎಂಬುದು ಚಿಕ್ಕಪ್ಪನಿಗೆ ನಿದ್ದೆಗೆಡಿಸುವ ಸಂಕಟವಾಯಿತು. "ಮನೆಗೆ ಬಂದೋಳಿಗೆ ಹಿಂಗೆ ಮಾಡಬಾರದು ಕಣೋ" ಎನ್ನುತ್ತಿದ್ದರು. ಈ ವರ್ಷದ ಅಮಾವಾಸ್ಯೆಗೆ ಒಂದು ವಾರವಿದ್ದಾಗ ಯಾರೋ ಅವಳ ತವರು ತ್ಯಾಮಗೊಂಡ್ಲು ಎಂದು ಹೇಳಿದರು. ನನ್ನ ಹತ್ತಿರ ಕಾರಿದೆ ಎಂಬ ಒಂದೇ ಅಪರಾಧಕ್ಕೆ ನಾನೂ ಹೊರಡಬೇಕಾಯಿತು. ಚಿಕ್ಕಪ್ಪ ಮುಂದಿನ ಸೀಟಿನಲ್ಲಿ ಕೂತು, ಬಾಗಿಲಿಗೆ ಎರಡು ಸಲ ಬಡಿದು, "ರೈಟ್" ಎಂದರು.

ತ್ಯಾಮಗೊಂಡ್ಲುವಿನಲ್ಲಿ ತಾಯಮ್ಮನ ತಮ್ಮನ ಹೆಂಡತಿ ಸಿಕ್ಕಿದಳು. ತೊಂಬತ್ತರ ಹತ್ತಿರದ ಅಜ್ಜಿ, ಅಂಗಳದಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಮನೆ ಮಾರಿದ ಮೇಲೆ ತಾಯಮ್ಮ ಸಾಯುವವರೆಗೂ ಅಲ್ಲೇ ಇದ್ದಳಂತೆ, ಅಡುಗೆ ಅವಳದೇ ಅಂತೆ. ಚಿಕ್ಕಪ್ಪ ಪೆನ್ನು ತೆಗೆದು, ಆಕೆಗೆ ಏನು ಇಷ್ಟ ಇತ್ತು ಎಂದು ಕೇಳಿದರು.

ಅಜ್ಜಿ ಬೀಜಗಳನ್ನು ಒಂದು ಕಡೆ ಸರಿಸಿದಳು. ಹುಣಸೆಹಣ್ಣು ಕೈಯಲ್ಲೇ ಇತ್ತು.

"ಎಲ್ಲಾರ್ಗೂ ಇಕ್ಕಿ ಕಡೇಲಿ ಉಣ್ತಿದ್ಲು ಕಣಪ್ಪ. ಏನು ಮಿಕ್ಕಿರ್ತಿತ್ತೋ ಅದು. ನಾವ್ಯಾರೂ ನೋಡ್ನಿಲ್ಲ."

ಚಿಕ್ಕಪ್ಪ ಪೆನ್ನಿನ ಮುಚ್ಚಳ ಹಾಕಿದರು. ಬರುವಾಗ ಮೂವತ್ತೈದು ವರ್ಷ ಕೂಗಿ ಕೂಗಿ ಅಭ್ಯಾಸವಾಗಿದ್ದ ಬಾಯಿ ದೊಡ್ಡಬಳ್ಳಾಪುರದವರೆಗೂ ಮುಚ್ಚಿಯೇ ಇತ್ತು. ಏನಾದರೂ ಕೇಳಬೇಕೆಂದು ನಾನು ಕೇಳಿದೆ: "ನಮ್ಮಜ್ಜಿಗೆ ಏನಿಷ್ಟ ಇತ್ತು ಚಿಕ್ಕಪ್ಪ?"

ಅವರು ನೋಟ್‌ಬುಕ್ ತೆರೆದರು. ಹಾಗೇ ಮುಚ್ಚಿದರು.

ನನಗೂ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅಜ್ಜಿಯ ಎಲೆಗೆ ಕಜ್ಜಾಯ, ಚಕ್ಕುಲಿ, ಮಟನ್ ಸಾರು ಹಾಕುತ್ತೇವೆ. ಅವೆಲ್ಲ ತಾತನಿಗೆ ಇಷ್ಟವಾಗಿದ್ದವು. ತಾತನ ಎಲೆಗೆ ಹಾಕಿದ್ದನ್ನೇ ಅಜ್ಜಿಗೂ ಹಾಕಿ ಇಷ್ಟು ವರ್ಷ ಕೈ ಮುಗಿದು ಬಂದಿದ್ದೇವೆ. ಏಳು ಜನರ ನಾಲಿಗೆ ರುಚಿ ಹುಡುಕಿಕೊಂಡು ಊರೂರು ಸುತ್ತಿದ ಮನುಷ್ಯನಿಗೆ ತನ್ನ ತಾಯಿಯದು ತಿಳಿಯದು. ಅವರನ್ನು ಆಡಿಕೊಂಡು ನಗುತ್ತಿದ್ದ ನನಗೂ ತಿಳಿಯದು. ನನಗೆ ನಾಚಿಕೆಯಾಯಿತು.

ಅಮಾವಾಸ್ಯೆಯ ದಿನ ಹಜಾರದಲ್ಲಿ ಎಂಟು ಎಲೆ ಬಿದ್ದಿದ್ದವು. ಎಂಟನೆಯದು ಅಜ್ಜಿಯದು, ತಾಯಮ್ಮನ ಪಕ್ಕದಲ್ಲಿ. ಎಲ್ಲದಕ್ಕೂ ಬಡಿಸಲು ಹೊರಟ ಚಿಕ್ಕಮ್ಮನನ್ನು ತಡೆದು ಚಿಕ್ಕಪ್ಪ ಸೌಟು ತಾವೇ ತೆಗೆದುಕೊಂಡರು. ಮಾಡಿದ ಅಡುಗೆಯನ್ನೆಲ್ಲ, ಒಂದೂ ಬಿಡದೆ, ಆ ಎರಡು ಎಲೆಗೆ ಮಾತ್ರ ಬಡಿಸಿದರು. ಉಳಿದವರು ಕಾಯಲಿ, ಇವರದು ಮೊದಲು ಆಗಲಿ ಎಂದರು. ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದರು. ಈ ಸಲ ಹಿತ್ತಲ ಬಾಗಿಲಿಗೂ ಹೊಸ ಚಿಲಕ!

ನಾವೆಲ್ಲ ಜಗಲಿಯ ಮೇಲೆ ಕೂತೆವು. ಅಡುಗೆ ಮುಗಿದಿತ್ತು, ಬಡಿಸುವ ಕೆಲಸ ಇರಲಿಲ್ಲ. ಚಿಕ್ಕಮ್ಮ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಸೆರಗಿನಲ್ಲಿ ಒರೆಸಿಕೊಳ್ಳುತ್ತಲೇ ಇದ್ದರು. ಚಿಕ್ಕಪ್ಪ ನೋಟ್‌ಬುಕ್ ತೆಗೆದು, ಒಂದು ಹೊಸ ಪುಟದ ಮೇಲೆ ಹೆಂಡತಿಯ ಹೆಸರು ಬರೆದರು.

"ನಿಂಗೆ ಏನು ತಿನ್ನೋಕೆ ಇಷ್ಟ?"

ಚಿಕ್ಕಮ್ಮ ಪುಟ ನೋಡಿದರು. "ನಾನಿನ್ನೂ ಸತ್ತಿಲ್ಲ ಕಣ್ರೀ."

"ಅದಕ್ಕೇ ಕೇಳ್ತಾ ಇದೀನಿ."

ಚಿಕ್ಕಮ್ಮ ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. ಬೀದಿಯ ಆ ತುದಿಯವರೆಗೂ ನೋಡಿದರು. ನಲವತ್ತು ವರ್ಷದ ಸಂಸಾರದಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲವೆಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಒಳಗೆ ನನ್ನ ದಾಲ್ಚಾ ಆರುತ್ತಿತ್ತು, ಆದರೂ ಅವರಿಗೆ ಬೇಗ ಹೇಳಿ ಎನ್ನಲು ಬಾಯಿ ಬರಲಿಲ್ಲ.

"ದಿಲ್‌ಪಸಂದ್" ಎಂದರು ಕೊನೆಗೆ, ಬಹಳ ಸಣ್ಣ ದನಿಯಲ್ಲಿ. "ಬಸ್ ಸ್ಟ್ಯಾಂಡ್ ಹತ್ರ ಬೇಕರೀಲಿ ಮಾಡ್ತಾರಲ್ಲ, ಅದು."

ಚಿಕ್ಕಪ್ಪ ತಲೆ ಬಗ್ಗಿಸಿ ಒಂದೊಂದೇ ಅಕ್ಷರ ಬರೆದರು. ಆಮೇಲೆ ಚಪ್ಪಲಿ ಮೆಟ್ಟಿ, ಬಸ್ ಸ್ಟ್ಯಾಂಡಿನ ಕಡೆ ಹೊರಟೇಬಿಟ್ಟರು. ಅವರು ಬೀದಿಯ ತಿರುವು ದಾಟುವುದರೊಳಗೆ ಚಿಕ್ಕಮ್ಮ ಎದ್ದು ನಿಂತು ಕೂಗಿದರು:

"ರೀ, ಬಿಸಿ ಇರ್ಬೇಕು. ಅದನ್ನೂ ಬರ್ಕೊಳ್ಳಿ."