ಸೌತೆಮಿಡಿ ಮತ್ತು ನನ್ನ ತೋರುಬೆರಳು

ಕಾಯುವುದೆಂಬ ವಿದ್ಯೆ ನನಗೆ ಹುಟ್ಟಿನಿಂದಲೂ ಹತ್ತಲಿಲ್ಲ. ಬ್ರಹ್ಮಾವರದಲ್ಲಿ ಕುಂದಾಪುರದ ಬಸ್ಸಿಗೆಂದು ನಿಂತರೆ ಐದು ನಿಮಿಷ ಕಾಲು ಸುಮ್ಮನಿರುವುದಿಲ್ಲ. ಮುಂದೆಲ್ಲಾದರೂ ಹತ್ತಿದರಾಯಿತೆಂದು ನಡೆಯತೊಡಗುತ್ತೇನೆ. ಎರಡು ನಿಲ್ದಾಣಗಳ ನಡುವೆ ನಾನಿರುವಾಗ ಬಸ್ಸು ಧೂಳೆಬ್ಬಿಸಿಕೊಂಡು ಹೋಗಿಬಿಡುತ್ತದೆ. ಕಂಡಕ್ಟರು ಕೈ ಬೀಸುವುದೂ ಉಂಟು. ಇಂಥ ಮನುಷ್ಯ ತರಕಾರಿ ಬೆಳೆಯಲು ಹೋಗಬಾರದು. ಹೋದೆ.

ಕಳೆದ ಚಳಿಗಾಲದ ಮಾತು. ಕೊಯ್ಲು ಮುಗಿದು ಮನೆಯೆದುರಿನ ಗದ್ದೆ ಖಾಲಿಯಾದೊಡನೆ ನನ್ನ ಹೆಂಡತಿ ಸರಸ್ವತಿ, ಸಗಣಿಯಲ್ಲಿ ಬೆರೆಸಿ ಅಡುಗೆಮನೆಯ ಗೋಡೆಗೆ ತಟ್ಟಿಟ್ಟಿದ್ದ ಸೌತೆಬೀಜಗಳನ್ನು ಕೆರೆದು ತೆಗೆದಳು. ಅವು ಅವಳ ಅಬ್ಬಿ, ಅಂದರೆ ತಾಯಿ, ಕೊಟ್ಟಿದ್ದ ಬೀಜಗಳು. ತಾಯಿ ಆ ಮಳೆಗಾಲದಲ್ಲೇ ತೀರಿಕೊಂಡಿದ್ದರು. ಇಲಿ ತಿಂದು ಉಳಿದದ್ದು ಎಂಟೇ ಎಂಟು. "ಒಂದಾರೂ ಕಾಯಿ ಬೀಜಕ್ಕ್ ಹಣ್ಣಾಯ್ಕ್. ಇಲ್ದಿರೆ ಅಬ್ಬಿ ಸೌತಿ ಇಲ್ಲಿಗೇ ಮುಗೀತ್" ಎಂದಳು. ನೀರು ಹಾಕುವ, ಕಾವಲು ಕಾಯುವ ಕೆಲಸವೆಲ್ಲ ನನ್ನದೆಂದು ಅಲ್ಲೇ ಸಾರಿಬಿಟ್ಟೆ.

ಬಿತ್ತಿದ ಮೂರನೆಯ ಬೆಳಿಗ್ಗೆ, ಇಬ್ಬನಿಗೆ ತಲೆಗೆ ಶಾಲು ಸುತ್ತಿಕೊಂಡು ಹೋಗಿ ಕಡ್ಡಿಯಿಂದ ಮಣ್ಣು ಒಕ್ಕಿ ನೋಡಿದೆ. ಬೀಜ ಇದ್ದ ಹಾಗೇ ಇತ್ತು. ಮುಚ್ಚಿದೆ. ನಾಲ್ಕನೆಯ ದಿನವೂ ಒಕ್ಕುತ್ತಿದ್ದಾಗ ಹಿಂದಿನಿಂದ ಸರಸ್ವತಿಯ ಕೂಗು: "ಹ್ವಾಯ್, ಎಂತ ಮಾಡ್ತಾ ಇದ್ರಿ?"

"ಹುಟ್ಟಿತ್ತಾ ಅಂತ ಕಾಂತಿದ್ದೆ."

"ದಿನಾ ಒಕ್ಕಿ ಕಂಡ್ರೆ ಹುಟ್ಟುದ್ ಹ್ಯಾಂಗೆ? ನಿಮ್ಗಿಂತ ಕೋಳಿಯೇ ವಾಸಿ!"

ಮೂರು ಹುಟ್ಟಲಿಲ್ಲ. ಐದು ಹುಟ್ಟಿದವು, ನನ್ನ ದೆಸೆಯಿಂದಲ್ಲ.

ಬಳ್ಳಿ ಹಬ್ಬಿ, ಹಳದಿ ಹೂ ಬಿಟ್ಟು, ಒಂದು ದಿನ ಮಿಡಿ ಕಾಣಿಸಿತು. ಸಂತೋಷ ತಡೆಯಲಾರದೆ, ಗದ್ದೆಯಂಚಿನಾಚೆ ನಿಂತಿದ್ದ ಪಕ್ಕದ ಮನೆಯ ಚಂದು ಶೆಡ್ತಿಗೆ ಬೆರಳು ಚಾಚಿ ತೋರಿಸಿದೆ. ಆಕೆ ತಲೆಯ ಮೇಲೆ ಕೈಹೊತ್ತಳು. "ಅಯ್ಯೋ ಮಾಷ್ಟ್ರೇ, ಮಿಡಿಗೆ ಬೆರಳ್ ತೋರ್ಸುದಾ? ಕೊಳ್ತ್ ಹೋತ್ತ್! ಬೆರಳ್ ಮಡ್ಚಿ ತೋರ್ಸಿ!" ನಾನು ಹೈಸ್ಕೂಲಿನ ವಿಜ್ಞಾನದ ಮಾಸ್ತರ. ಮಿಡಿ ಕೊಳೆಯುವುದು ಹಣ್ಣುನೊಣದಿಂದ ಎಂದು ಆ ಚಳಿಯಲ್ಲೇ ಕಾಲು ಗಂಟೆ ಪಾಠ ಮಾಡಿದೆ. ನಾಲ್ಕು ದಿನ ಕಳೆಯುವುದರೊಳಗೆ ಮಿಡಿ ಕೊಳೆಯಿತು. ಚಂದು ಶೆಡ್ತಿ ಏನೂ ಹೇಳಲಿಲ್ಲ. ಅದೇ ದೊಡ್ಡ ಅವಮಾನ. ಅಂದಿನಿಂದ ವಿಜ್ಞಾನವನ್ನು ಶಾಲೆಯಲ್ಲೇ ಬಿಟ್ಟು ಬೆರಳು ಮಡಚತೊಡಗಿದೆ. ಆದರೆ ಇಪ್ಪತ್ತು ವರ್ಷ ಬೋರ್ಡಿಗೂ ಹುಡುಗರ ಮೂಗಿಗೂ ಚಾಚಿ ಪಳಗಿದ ಬೆರಳು ಕೇಳಬೇಕಲ್ಲ! ದಿನಕ್ಕೆ ಹತ್ತು ಸಲ ಹೋಗಿ ಮಿಡಿ ಎಣಿಸುತ್ತಿದ್ದೆ. ಎಣಿಸುವಾಗ ಬೆರಳು ತಾನಾಗಿ ನೆಟ್ಟಗಾಗುತ್ತಿತ್ತು. ಎಣಿಸಿದ್ದೆಲ್ಲ ಕೊಳೆಯಿತು. ಕಡೆಗೆ ಬೆರಳಿಗೆ ಬಟ್ಟೆ ಸುತ್ತಿಕೊಂಡೆ. ಗಾಯವೇ ಎಂದು ಹೆಡ್‌ಮಾಸ್ತರರು ಕೇಳಿದರು. ಹೌದೆಂದೆ.

ಶಿವರಾತ್ರಿಯ ಹೊತ್ತಿಗೆ ಚಳಿ ಹಿಂದಾಯಿತು, ಬಳ್ಳಿ ಒಣಗಿತು. ಕಾಯಿ ಒಂದೂ ಇಲ್ಲ. ಅತ್ತೆಯವರನ್ನು ಎರಡನೆಯ ಸಲ ನಾನೇ ಸಾಯಿಸಿದಂತೆ ಸಂಕಟವಾಯಿತು. "ತಪ್ಪಾಯ್ತ್ ಮಾರಾಯ್ತಿ" ಎಂದೆ. ಸರಸ್ವತಿ ನನ್ನನ್ನು ಗದ್ದೆಯ ಮೂಲೆಗೆ ಕರೆದೊಯ್ದು, ಅಲ್ಲಿ ಬಿದ್ದಿದ್ದ ತೆಂಗಿನಗರಿಯ ಮಡಲನ್ನು ಎತ್ತಿದಳು. ಕೆಳಗೆ ಹೊನ್ನಿನ ಬಣ್ಣಕ್ಕೆ ತಿರುಗಿದ, ತೊಡೆಗಾತ್ರದ ಸೌತೆ!

"ಮಿಡಿ ಬಿಟ್ ಕೂಡ್ಲೆ ಮುಚ್ಚಿದೆ. ನೀವ್ ಕಾಣ್ದಿದ್ದ್ ಇದೊಂದೇ."

"ನಂಗೊಂದ್ ಮಾತ್ ಹೇಳುಕಾಗ್ದಾ?"

"ನಿಮ್ಗ್ ಹೇಳಿರೆ ಅಬ್ಬಿ ಸೌತಿ ಉಳೀತಿತ್ತಾ?" ಎಂದು ನಕ್ಕಳು. ಕಣ್ಣು ಒದ್ದೆಯಾಗಿತ್ತು.

ಈಗ ಮತ್ತೆ ಚಳಿ ಬಂದಿದೆ. ಸರಸ್ವತಿ ಎರಡು ಸಾಲು ಬೆಂಡೆಯನ್ನು ನನ್ನ ಸ್ವಾಧೀನಕ್ಕೆ ಕೊಟ್ಟಿದ್ದಾಳೆ; ಎಷ್ಟು ಬೇಕಾದರೂ ಎಣಿಸಬಹುದಂತೆ. ಅಬ್ಬಿಯ ಸೌತೆಯನ್ನು ಎಲ್ಲಿ ಬಿತ್ತಿದ್ದಾಳೆಂದು ಮಾತ್ರ ಹೇಳುವುದಿಲ್ಲ. ಚಂದು ಶೆಡ್ತಿಗೆ ಗೊತ್ತಿದೆ. ಕೇಳಿದರೆ ಬೆರಳು ಮಡಚಿ ಆಕಾಶ ತೋರಿಸುತ್ತಾಳೆ.